ಗೇರ್ ಹಾಕಿದ ಕೂಡಲೇ ಆಫ್ ಆಗುವ ಬೈಕ್: ಒಂದೇ ಲಕ್ಷಣ, ಎರಡು ಕಾಯಿಲೆ

ನ್ಯೂಟ್ರಲ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಚೆನ್ನಾಗಿ ಏರುತ್ತದೆ, ಬಿಟ್ಟರೆ ಚೆನ್ನಾಗಿ ಇಳಿಯುತ್ತದೆ. ಕ್ಲಚ್ ಪೂರ್ತಿ ಹಿಡಿದು ಫಸ್ಟ್ ಗೇರ್ ಒತ್ತಿದರೆ ಇಂಜಿನ್ ಆಫ್. ಕ್ಲಚ್ ಬಿಡುವ ತನಕವೂ ಹೋಗುವುದಿಲ್ಲ, ಗೇರ್ ಬಿದ್ದ ಕ್ಷಣವೇ ನಿಲ್ಲುತ್ತದೆ.

ಬೈಕ್ ನನ್ನ ತಮ್ಮನದು. 250 ಸಿಸಿ, ಸಿಂಗಲ್ ಸಿಲಿಂಡರ್, ಕಾರ್ಬ್ಯುರೇಟರ್, ಕೇಬಲ್‌ನಿಂದ ಎಳೆಯುವ ವೆಟ್ ಕ್ಲಚ್, ಅಂದರೆ ಇಂಜಿನ್ ಆಯಿಲಿನಲ್ಲೇ ನೆನೆದು ಕೆಲಸ ಮಾಡುವ ಕ್ಲಚ್. ತಿಂಗಳುಗಟ್ಟಲೆ ಒಂದೇ ಕಡೆ ನಿಂತಿತ್ತು. ಬ್ಯಾಟರಿ ಚಾರ್ಜ್ ಮಾಡಿ, ಹಳೆ ಪೆಟ್ರೋಲ್ ತೆಗೆದು, ಕಾರ್ಬ್ಯುರೇಟರ್ ತೊಳೆದು, ಆಯಿಲ್ ಬದಲಿಸಿ ಸ್ಟಾರ್ಟ್ ಮಾಡಿದ್ದ. ಸ್ಟಾರ್ಟ್ ಆಯಿತು. ಗೇರ್ ಹಾಕಿದಾಗ ಈ ಗೋಳು ಶುರು.

"ಅಣ್ಣಾ, ಎಲ್ಲರೂ ಕ್ಲಚ್ ಪ್ಲೇಟ್ ಹೋಗಿದೆ ಅಂತಿದ್ದಾರೆ. ಹೊಸ ಸೆಟ್ ತಂದುಬಿಡ್ಲಾ?" ಅಂದ.

"ಈಗಲೇ ಏನೂ ತರಬೇಡ. ಮೊದಲು ಅದು ಹೇಗೆ ಸಾಯುತ್ತೆ ಅಂತ ನೋಡೋಣ" ಅಂದೆ.

ಪ್ಲೇಟ್ ತರಬೇಡ ಅಂದಿದ್ದಕ್ಕೆ ಕಾರಣ ಇದೆ. ಫ್ರಿಕ್ಷನ್ ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಇಂಜಿನ್ ಕೂಗುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ. ಇಲ್ಲಿ ಆಗುತ್ತಿರುವುದು ಅದಕ್ಕೆ ಪೂರ್ತಿ ತಿರುವುಮುರುವು. ಕ್ಲಚ್ಚಿನದೇ ತೊಂದರೆ ಆಗಿದ್ದರೆ, ಅದು ಹಿಡಿಯದೇ ಇರುವುದು ಅಲ್ಲ, ಬಿಡದೇ ಇರುವುದು. ಸವೆದ ಪ್ಲೇಟ್‌ಗೂ ಬಿಡದ ಕ್ಲಚ್‌ಗೂ ಸಂಬಂಧ ತುಂಬ ಕಡಿಮೆ. ಆದರೂ ಗೇರ್ ವಿಷಯ ಬಂದ ಕೂಡಲೇ ಎಲ್ಲರ ಬಾಯಲ್ಲೂ ಮೊದಲು ಬರುವುದು ಪ್ಲೇಟ್. ಸುಮ್ನೆ ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಸಾಯುವ ರೀತಿ

ಗೇರ್ ಹಾಕಿದಾಗ ಇಂಜಿನ್ ಎರಡು ರೀತಿಯಲ್ಲಿ ನಿಲ್ಲಬಹುದು. ಒಂದು, ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಟಕ್ ಅಂತ. ಬೈಕ್ ಅಲುಗುವುದಿಲ್ಲ. ಲೈಟು, ಹಾರ್ನ್ ಎಲ್ಲ ಇರುತ್ತವೆ, ಸ್ಪಾರ್ಕ್ ಮಾತ್ರ ಹೋಗಿರುತ್ತದೆ. ಇದು ಕರೆಂಟಿನ ಕೆಲಸ. ಇನ್ನೊಂದು, ಗೇರ್ ಬಿದ್ದಾಗ ಬೈಕ್ ಮುಂದಕ್ಕೆ ಜಗ್ಗುತ್ತದೆ, ಆರ್‌ಪಿಎಂ ಕುಸಿಯುತ್ತದೆ, ಇಂಜಿನ್ ಭಾರ ತಾಳಲಾರದೆ ನಿಲ್ಲುತ್ತದೆ. ಇದು ಕ್ಲಚ್ಚಿನ ಕೆಲಸ. ಒಂದಕ್ಕೆ ಮಲ್ಟಿಮೀಟರ್ ಬೇಕು, ಇನ್ನೊಂದಕ್ಕೆ ಸ್ಪ್ಯಾನರ್ ಬೇಕು. ಯಾವುದನ್ನು ಕೈಗೆ ತಗೊಳ್ಳಬೇಕು ಅಂತ ಈ ಸಾಯುವ ರೀತಿಯೇ ಹೇಳುತ್ತದೆ.

ತಮ್ಮನ ಬೈಕಲ್ಲಿ ಹೆಚ್ಚಿನ ಸಲ ಟಕ್ ಅಂತಲೇ ನಿಲ್ಲುತ್ತಿತ್ತು. ಆದರೆ ಇಂಜಿನ್ ತಣ್ಣಗಿದ್ದಾಗ ಸಣ್ಣದೊಂದು ಜಗ್ಗು ಕೂಡ ಇದ್ದ ಹಾಗೆ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಕಿವಿ ನಂಬುವುದು ಕಷ್ಟ. ಅದಕ್ಕೆ ಬೇರ್ಪಡಿಸುವ ಪರೀಕ್ಷೆ ಒಂದಿದೆ, ನನಗೆ ಬಹಳ ಇಷ್ಟದ್ದು.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಹಿಂದಿನ ಚಕ್ರ ನೆಲಕ್ಕೆ ತಾಗಬಾರದು. ಸೈಡ್ ಸ್ಟ್ಯಾಂಡ್ ಪೂರ್ತಿ ಮಡಚಿರಬೇಕು. ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು, ಗೇರ್ ಹಾಕಿ. ಕ್ಲಚ್ ಒಳಗೆ ಬಿಡದೆ ಅಂಟಿಕೊಂಡಿದ್ದರೂ ಪರವಾಗಿಲ್ಲ, ಚಕ್ರ ಗಾಳಿಯಲ್ಲಿದೆ, ಅದು ತಿರುಗುತ್ತದೆ ಅಷ್ಟೇ. ಇಂಜಿನ್ ಮೇಲೆ ಬೈಕಿನ ಭಾರ ಬೀಳುವುದಿಲ್ಲ. ಹಾಗಾಗಿ ಗಾಳಿಯಲ್ಲಿದ್ದಾಗಲೂ ಇಂಜಿನ್ ನಿಂತರೆ ತಪ್ಪು ಕ್ಲಚ್ಚಿನದಲ್ಲ, ಯಾರೋ ಸ್ಪಾರ್ಕ್ ಕತ್ತರಿಸುತ್ತಿದ್ದಾರೆ. ಗಾಳಿಯಲ್ಲಿ ಚೆನ್ನಾಗಿ ಓಡಿ, ನೆಲಕ್ಕಿಳಿಸಿದಾಗ ಮಾತ್ರ ನಿಂತರೆ ಕ್ಲಚ್ ನೋಡಬೇಕು. ತಿರುಗುವ ಚಕ್ರದ ಹತ್ತಿರ ಕೈ, ಬಟ್ಟೆ, ವೈರ್ ಯಾವುದೂ ಹೋಗಬಾರದು. ನಿಲ್ಲಿಸಬೇಕಾದರೆ ಬ್ರೇಕ್ ಪೆಡಲ್ ಒತ್ತಿ. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ನಮ್ಮ ಬೈಕ್ ಗಾಳಿಯಲ್ಲೂ ನಿಂತಿತು. ಟಕ್ ಅಂತ. ಮಲ್ಟಿಮೀಟರ್ ತೆಗೆದೆ.

ಹೇಳಬೇಕಾದ ಇನ್ನೊಂದು ವಿಷಯ. ಐಡಲ್, ಅಂದರೆ ಆಕ್ಸಿಲರೇಟರ್ ಕೊಡದಿದ್ದಾಗ ಇಂಜಿನ್ ತಿರುಗುವ ವೇಗ, ಸ್ವಲ್ಪ ಕಡಿಮೆ ಇತ್ತು, 1,100 ಆರ್‌ಪಿಎಂ ಹತ್ತಿರ. ಈ ಬೈಕಿಗೆ ಬೇಕಾದ್ದು 1,400, ನೂರು ಆಚೀಚೆ. ತಮ್ಮ ಸ್ಕ್ರೂ ತಿರುಗಿಸಲು ಹೋದ, ನಾನು ಬೇಡ ಅಂದೆ. ಐಡಲ್ ಏರಿಸಿದರೆ ಸಣ್ಣ ಪುಟ್ಟ ರೋಗಗಳೆಲ್ಲ ಮುಚ್ಚಿಹೋಗುತ್ತವೆ. ಮೊದಲು ರೋಗ ಪೂರ್ತಿ ಕಾಣಬೇಕು.

ಗೇರ್ ಹಾಕಿದಾಗ ಸ್ಪಾರ್ಕ್ ಕತ್ತರಿಸುವುದು ಯಾರು?

ಸೈಡ್ ಸ್ಟ್ಯಾಂಡ್ ಇಳಿದಿರುವಾಗ ಬೈಕ್ ಹೊರಡಬಾರದು ಅಂತ ಒಂದು ಸುರಕ್ಷತೆಯ ವ್ಯವಸ್ಥೆ ಇರುತ್ತದೆ. ಸ್ಟ್ಯಾಂಡ್ ಇರುವುದು ಎಡಗಡೆ. ಅದನ್ನು ಮರೆತು ಹೊರಟು ಎಡಕ್ಕೆ ವಾಲಿದರೆ ಸ್ಟ್ಯಾಂಡ್ ನೆಲಕ್ಕೆ ಕಚ್ಚಿಕೊಂಡು ಬೈಕನ್ನೇ ಎತ್ತಿ ಎಸೆಯುತ್ತದೆ. ಇದನ್ನು ತಡೆಯಲು ಇಂಜಿನ್ ಓಡಬೇಕೋ ಬೇಡವೋ ಅನ್ನುವುದನ್ನು ಸ್ಪಾರ್ಕ್ ಕೊಡುವ ಇಗ್ನಿಷನ್ ಬಾಕ್ಸ್ ಒಂದು ಅರ್ಥ್ ವೈರ್ (ಬ್ಯಾಟರಿ ನೆಗೆಟಿವ್‌ಗೆ ಸೇರುವ ವೈರ್) ನೋಡಿ ತೀರ್ಮಾನಿಸುತ್ತದೆ. ಈ ಬೈಕಲ್ಲಿ ಆ ವೈರ್‌ಗೆ ಅರ್ಥ್ ಸಿಗಲು ದಾರಿ ಎರಡು. ಒಂದು ನ್ಯೂಟ್ರಲ್ ಸ್ವಿಚ್ ಮೂಲಕ. ಇನ್ನೊಂದು ಸೈಡ್ ಸ್ಟ್ಯಾಂಡ್ ಸ್ವಿಚ್ ಮೂಲಕ. ಯಾವುದಾದರೂ ಒಂದು ದಾರಿ ತೆರೆದಿದ್ದರೆ ಸ್ಪಾರ್ಕ್ ಬರುತ್ತದೆ.

ಈಗ ಯೋಚನೆ ಮಾಡಿ. ನ್ಯೂಟ್ರಲ್‌ನಲ್ಲಿದ್ದಾಗ ನ್ಯೂಟ್ರಲ್ ಸ್ವಿಚ್ ಅರ್ಥ್ ಕೊಡುತ್ತಿರುತ್ತದೆ. ಆಗ ಸೈಡ್ ಸ್ಟ್ಯಾಂಡ್ ದಾರಿ ಪೂರ್ತಿ ಕಡಿದುಹೋಗಿದ್ದರೂ ಗೊತ್ತಾಗುವುದಿಲ್ಲ. ಗೇರ್ ಹಾಕಿದ ಕ್ಷಣ ನ್ಯೂಟ್ರಲ್ ದಾರಿ ಮುಚ್ಚುತ್ತದೆ. ಭಾರವೆಲ್ಲ ಸೈಡ್ ಸ್ಟ್ಯಾಂಡ್ ದಾರಿಯ ಮೇಲೆ. ಅದೂ ಇಲ್ಲ ಅಂದರೆ ಸ್ಪಾರ್ಕ್ ಹೋಯಿತು. ಸ್ಟ್ಯಾಂಡ್ ಮಡಚಿದ್ದರೂ ಬಾಕ್ಸ್‌ಗೆ ಅದು ಕಾಣುವುದಿಲ್ಲ, ಸ್ಟ್ಯಾಂಡ್ ಇಳಿದಿದೆ ಅಂತಲೇ ತಿಳಿಯುತ್ತದೆ.

ಕ್ಲಚ್ ಸ್ವಿಚ್ ಯಾಕಲ್ಲ ಅಂತ ತಮ್ಮ ಕೇಳಿದ. ಕ್ಲಚ್ ಲಿವರ್ ಹತ್ತಿರದ ಸ್ವಿಚ್ ಇಲ್ಲಿ ಸ್ಟಾರ್ಟರ್ ಮೋಟರ್‌ಗೆ ಮಾತ್ರ ಸಂಬಂಧಿಸಿದ್ದು. ಗೇರ್‌ನಲ್ಲಿರುವಾಗ ಸೆಲ್ಫ್ ಹೊಡೆಯಬೇಕಾದರೆ ಕ್ಲಚ್ ಹಿಡಿದಿರಬೇಕು, ಅಷ್ಟೇ ಅದರ ಕೆಲಸ. ಓಡುತ್ತಿರುವ ಇಂಜಿನನ್ನು ಅದು ನಿಲ್ಲಿಸುವುದಿಲ್ಲ. ನ್ಯೂಟ್ರಲ್ ಲೈಟ್ ಸರಿಯಾದ ಸಮಯಕ್ಕೆ ಹತ್ತಿ ಆರುತ್ತಿದ್ದುದರಿಂದ ನ್ಯೂಟ್ರಲ್ ಸ್ವಿಚ್ ಮೇಲೂ ಅನುಮಾನ ಇರಲಿಲ್ಲ. ಈ ವೈರಿಂಗ್‌ನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಸಣ್ಣ ಡಯೋಡ್ ಕೂಡ ಇರುತ್ತದೆ. ಅದು ಶಾರ್ಟ್ ಆಗಿದ್ದರೆ, ಗೇರ್‌ನಲ್ಲಿದ್ದಾಗಲೂ ಕ್ಲಚ್ ಹಿಡಿದ ಕೂಡಲೇ ನ್ಯೂಟ್ರಲ್ ಲೈಟ್ ಹತ್ತಿಬಿಡುತ್ತದೆ. ಇಲ್ಲಿ ಹಾಗೆ ಆಗುತ್ತಿರಲಿಲ್ಲ. ಆದರೂ ಮೀಟರ್ ಕೈಯಲ್ಲಿದೆಯಲ್ಲ ಅಂತ ನೋಡಿದೆ. ಒಂದು ದಿಕ್ಕಿನಲ್ಲಿ 0.6 ವೋಲ್ಟ್ ಹತ್ತಿರ, ತಿರುಗಿಸಿದರೆ ಏನೂ ಇಲ್ಲ. ಡಯೋಡ್ ಸರಿ ಇದೆ.

ಸ್ವಿಚ್ ಸರಿ, ಆದರೂ ಸರಿ ಇಲ್ಲ

ಸೈಡ್ ಸ್ಟ್ಯಾಂಡ್ ಬುಡದಿಂದ ಬರುವ ವೈರನ್ನು ಹಿಡಿದು ಮೇಲಕ್ಕೆ ಹೋದರೆ, ಎಡಗಡೆಯ ಸೈಡ್ ಪ್ಯಾನಲ್ ಒಳಗೆ ವೈರ್‌ಗಳನ್ನು ಜೋಡಿಸುವ ಎರಡು ಪಿನ್ನಿನ ಕಪ್ಲರ್ ಸಿಕ್ಕಿತು. ಬಿಡಿಸಿ, ಸ್ವಿಚ್ ಕಡೆಯ ಎರಡು ಪಿನ್‌ಗೆ ಮೀಟರ್ ಇಟ್ಟೆ. ಸ್ಟ್ಯಾಂಡ್ ಮಡಚಿದಾಗ 0.5 ಓಮ್. ಅದರಲ್ಲಿ ಮೀಟರ್ ವೈರಿನದೇ ಅರ್ಧಕ್ಕಿಂತ ಜಾಸ್ತಿ. ಸ್ಟ್ಯಾಂಡ್ ಇಳಿಸಿದಾಗ ಓಪನ್, ಅಂದರೆ ಸಂಪರ್ಕ ಕಡಿದಿತ್ತು. ಸ್ಟ್ಯಾಂಡನ್ನು ಅಲ್ಲಾಡಿಸಿದೆ, ವೈರ್ ಎಳೆದೆ, ಸ್ವಿಚ್ಚಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಸಂಖ್ಯೆ ಅಲುಗಲಿಲ್ಲ. ಸ್ವಿಚ್ ಚೆನ್ನಾಗಿದೆ.

ಇನ್ನೊಂದು ಕಡೆಯಿಂದ ಬಂದೆ. ವೈರಿಂಗ್ ಕಡೆಯ ಎರಡು ಟರ್ಮಿನಲ್‌ಗೆ ಒಂದು ತುಂಡು ವೈರ್ ಸಿಕ್ಕಿಸಿ ಜೋಡಿಸಿದೆ. ಅಂದರೆ ಸ್ಟ್ಯಾಂಡ್ ಯಾವಾಗಲೂ ಮಡಚಿದೆ ಅಂತ ಬಾಕ್ಸಿಗೆ ಹೇಳಿದ ಹಾಗೆ. ಸೆಂಟರ್ ಸ್ಟ್ಯಾಂಡ್ ಮೇಲೆ ಸ್ಟಾರ್ಟ್ ಮಾಡಿ ಗೇರ್ ಹಾಕಿದೆ. ನಿಲ್ಲಲಿಲ್ಲ, ಚಕ್ರ ತಿರುಗುತ್ತಾ ಓಡುತ್ತಲೇ ಇತ್ತು.

ತಮ್ಮನಿಗೆ ಖುಷಿ. "ಹೀಗೇ ಬಿಟ್ಟುಬಿಡು ಅಣ್ಣಾ, ಟೇಪ್ ಸುತ್ತಿದ್ರೆ ಆಯ್ತಲ್ವಾ?"

"ಇದು ಪರೀಕ್ಷೆ ಕಣೋ, ರಿಪೇರಿ ಅಲ್ಲ" ಅಂತ ಆ ವೈರ್ ಕಿತ್ತು ಜೇಬಿಗೆ ಹಾಕಿಕೊಂಡೆ. ಈ ತುಂಡು ವೈರನ್ನು ಹಾಗೇ ಬಿಟ್ಟ ಬೈಕುಗಳು ಬಹಳ ಇವೆ. ಅದನ್ನು ನೋಡಿದಾಗೆಲ್ಲ ನನಗೆ ನಿಜಕ್ಕೂ ಭಯವಾಗುತ್ತದೆ. ಸ್ಟ್ಯಾಂಡ್ ಮರೆತ ದಿನ ಆ ಬೈಕ್ ಸವಾರನಿಗೆ ಏನೂ ಹೇಳುವುದಿಲ್ಲ.

ಈಗ ಲೆಕ್ಕ ಹೀಗಾಯಿತು. ಸ್ವಿಚ್ ಸರಿ ಇದೆ. ವೈರಿಂಗ್ ಸರಿ ಇದೆ. ಎರಡನ್ನೂ ಸೇರಿಸಿದರೆ ಮಾತ್ರ ಕೆಲಸ ಮಾಡುವುದಿಲ್ಲ. ಉಳಿದದ್ದು ಸೇರುವ ಜಾಗ.

ಇಂಥ ಕಡೆ ಓಮ್ ನೋಡುವುದಕ್ಕಿಂತ ವೋಲ್ಟ್ ನೋಡುವುದು ಮೇಲು. ಓಮ್ ನೋಡಲು ಕಪ್ಲರ್ ಬಿಡಿಸಬೇಕು. ಬಿಡಿಸಿದರೆ ತೊಂದರೆ ಇರುವ ಜಾಗವೇ ಲೆಕ್ಕದಿಂದ ಹೊರಗೆ ಹೋಯಿತಲ್ಲ. ಅದಕ್ಕೆ ಕಪ್ಲರ್ ಮತ್ತೆ ಸೇರಿಸಿ, ಕೀ ಆನ್ ಮಾಡಿ, ಇಂಜಿನ್ ಆಫ್ ಇಟ್ಟು, ಗೇರ್ ಹಾಕಿ, ಸ್ಟ್ಯಾಂಡ್ ಮಡಚಿದೆ. ಮೀಟರಿನ ಕಪ್ಪು ವೈರ್ ಬ್ಯಾಟರಿ ನೆಗೆಟಿವ್‌ಗೆ. ಕೆಂಪು ವೈರಿಗೆ ಒಂದು ತೆಳುವಾದ ಸೂಜಿ ಕಟ್ಟಿ, ಕಪ್ಲರ್ ಹಿಂಭಾಗದಿಂದ ಟರ್ಮಿನಲ್‌ಗೆ ತಾಗಿಸಿದೆ. ಸ್ವಿಚ್ ಕಡೆ ಸೊನ್ನೆ. ಅದೇ ಪಿನ್ನಿನ ಇನ್ನೊಂದು ಬದಿ, ವೈರಿಂಗ್ ಕಡೆ, 7 ವೋಲ್ಟ್ ಚಿಲ್ಲರೆ, ಅದೂ ಕುಣಿಯುತ್ತಿತ್ತು. ಒಂದೇ ಪಿನ್ನಿನ ಈಚೆ ಸೊನ್ನೆ, ಆಚೆ 7. ಅರ್ಥ್ ಅಷ್ಟು ಸಣ್ಣ ಜಾಗದಲ್ಲಿ ಕಡಿದುಹೋಗಿತ್ತು.

ಗೇರ್ ಹಾಕಿಯೇ ಅಳೆಯಬೇಕು ಅನ್ನುವುದನ್ನು ಮರೆಯಬೇಡಿ. ನ್ಯೂಟ್ರಲ್‌ನಲ್ಲಿ ಅಳೆದರೆ ಆ ಕಡೆಯ ಅರ್ಥ್ ಬಂದು ಎಲ್ಲವೂ ಸರಿ ಇರುವ ಹಾಗೆ ತೋರಿಸಬಹುದು.

ಕಪ್ಲರನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಪಿನ್ ಹಳದಿಯಾಗಿ ಹೊಳೆಯುತ್ತಿತ್ತು. ಇನ್ನೊಂದರ ಬುಡದಲ್ಲಿ ಹಸಿರು ಕಿಲುಬು, ಅದರ ಸುತ್ತ ಬಿಳಿ ಪುಡಿ. ಎದುರಿನ ಹೆಣ್ಣು ಟರ್ಮಿನಲ್ಲಿನ ಬಾಯಿ ಅಗಲವಾಗಿತ್ತು. ಪಿನ್ ಅದರೊಳಗೆ ಸಡಿಲವಾಗಿ ಆಡುತ್ತಿತ್ತು. ನನ್ನ ತುಂಡು ವೈರ್ ಟರ್ಮಿನಲ್ಲಿನ ಒಳಗೋಡೆಗೆ ಒತ್ತಿ ಕೂತಿದ್ದರಿಂದ ಆಗ ಅರ್ಥ್ ಸಿಕ್ಕಿತ್ತು. ವೈರಿನ ಪ್ಲಾಸ್ಟಿಕ್ ಸ್ವಲ್ಪ ಸುಲಿದರೆ ಒಳಗಿನ ತಾಮ್ರ ಕಪ್ಪಗೆ. ನೀರು ಪಿನ್ನಿನಿಂದ ಒಳಕ್ಕೆ ಹೀರಿಕೊಂಡು ಎಳೆಗಳ ನಡುವೆಯೇ ಮೇಲೆ ಹತ್ತಿತ್ತು. ಸುಮಾರು 3 ಸೆಂಟಿಮೀಟರ್ ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಕ್ರಿಂಪ್ ಮಾಡಿದರೂ (ಟರ್ಮಿನಲ್ಲನ್ನು ವೈರಿಗೆ ಒತ್ತಿ ಕಚ್ಚಿಸಿದರೂ) ಸ್ವಲ್ಪ ಕಾಲಕ್ಕೆ ಮತ್ತೆ ಕೈಕೊಡುತ್ತದೆ. ಆದ್ದರಿಂದ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಲೇಬೇಕು.

ಎರಡೂ ಬದಿಯ ಟರ್ಮಿನಲ್ ಹೊಸದು ಹಾಕಿದೆ. ಕ್ರಿಂಪ್ ಮಾಡಿ ಎಳೆದು ನೋಡಿದೆ. ವೈರ್ ಗಿಡ್ಡವಾಗಿದ್ದ ಕಡೆ ಅದೇ ದಪ್ಪದ ತುಂಡು ಸೇರಿಸಿ, ಬೆಸೆದು, ಹೀಟ್ ಶ್ರಿಂಕ್ ಹಾಕಿದೆ. ಕಪ್ಲರ್ ಒಳಗೆ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್. ಇದು ಕರೆಂಟ್ ಹರಿಸುವ ಗ್ರೀಸ್ ಅಲ್ಲ, ನೀರು ಒಳಗೆ ಬರದ ಹಾಗೆ ತಡೆಯುವಂಥದ್ದು. ಮತ್ತೆ ಅದೇ ಜಾಗದಲ್ಲಿ ವೋಲ್ಟ್ ಅಳೆದಾಗ 0.02. ಸ್ವಿಚ್ ಬಿಚ್ಚಿ ಅದರ ಬುಡದಲ್ಲಿ ಗಟ್ಟಿಯಾಗಿ ಕೂತಿದ್ದ ಕೆಸರು, ಚೈನ್ ಆಯಿಲ್ ಎಲ್ಲ ತೆಗೆದು ಹಾಕಿದೆ. ಕೂರಿಸುವಾಗ ಸ್ವಿಚ್ಚಿನ ಸಣ್ಣ ಪಿನ್ ಸ್ಟ್ಯಾಂಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ನೋಡಿಕೊಳ್ಳಿ. ಪಿನ್ ಹೊರಗೆ ಉಳಿದರೆ ಬೋಲ್ಟ್ ಬಿಗಿ ಮಾಡುವಾಗ ಮುರಿಯುತ್ತದೆ.

ಎಲ್ಲ ಬೈಕಲ್ಲೂ ಇದೇ ತರದ ಎರಡು ವೈರಿನ ಸ್ವಿಚ್ ಇರುವುದಿಲ್ಲ. ಕೆಲವಕ್ಕೆ ಮೂರು ವೈರ್, ಕೆಲವಕ್ಕೆ ಅಯಸ್ಕಾಂತದಿಂದ ಕೆಲಸ ಮಾಡುವ ಸೆನ್ಸರ್. ಅಂಥ ಕಡೆ ಸುಮ್ನೆ ವೈರ್ ಸಿಕ್ಕಿಸಬಾರದು. ವೈರಿಂಗ್ ನಕ್ಷೆ ಎದುರಿಗೆ ಇಟ್ಟುಕೊಂಡೇ ಕೈ ಹಾಕಬೇಕು.

ಸೆಂಟರ್ ಸ್ಟ್ಯಾಂಡ್ ಮೇಲೆ ಗೇರ್ ಹಾಕಿದರೆ ಇಂಜಿನ್ ಓಡುತ್ತಿತ್ತು. ಬೈಕ್ ಕೆಳಗಿಳಿಸಿ, ಸಂಜೆ ತನಕ ತಣ್ಣಗಾಗಲು ಬಿಟ್ಟೆ.

ಜಗ್ಗಿ ನಿಲ್ಲುವುದು

ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ ಫಸ್ಟ್ ಗೇರ್ ಹಾಕಿದರೆ ಕಟಾರ್ ಅಂತ ಸದ್ದು, ಬೈಕ್ ಮುಂದಕ್ಕೆ ಹಾರಿತು, ಆರ್‌ಪಿಎಂ ಕುಸಿದು ನಿಂತಿತು. ಬೆಳಿಗ್ಗೆಯ ಸಾವೇ ಬೇರೆ, ಇದೇ ಬೇರೆ. ಮೊದಲಿನ ಟಕ್ ಸದ್ದಿನ ಹಿಂದೆ ಈ ಕಾಯಿಲೆ ಅಡಗಿ ಕೂತಿತ್ತು. ತುಂಬ ದಿನ ನಿಂತ ಬೈಕಲ್ಲಿ ಇವೆರಡೂ ಜೊತೆಗಿರುವುದು ಆಶ್ಚರ್ಯವೇನಲ್ಲ. ಕಪ್ಲರಿಗೆ ಕಿಲುಬು ಹಿಡಿಸಿದ ತೇವ ಕ್ಲಚ್ಚಿನ ಸ್ಟೀಲ್ ಪ್ಲೇಟನ್ನೂ ಬಿಡುವುದಿಲ್ಲ.

ವೆಟ್ ಕ್ಲಚ್ ಒಳಗೆ ಫ್ರಿಕ್ಷನ್ ಪ್ಲೇಟು, ಸ್ಟೀಲ್ ಪ್ಲೇಟು ಒಂದಾದ ಮೇಲೊಂದು ಇರುತ್ತವೆ. ಫ್ರಿಕ್ಷನ್ ಪ್ಲೇಟುಗಳು ಹೊರಗಿನ ಬಾಸ್ಕೆಟ್ ಜೊತೆ, ಅಂದರೆ ಇಂಜಿನ್ ಜೊತೆ ತಿರುಗುತ್ತವೆ. ಸ್ಟೀಲ್ ಪ್ಲೇಟುಗಳು ನಡುವಿನ ಹಬ್ ಜೊತೆ, ಅಂದರೆ ಗೇರ್ ಬಾಕ್ಸ್ ಜೊತೆ. ಲಿವರ್ ಹಿಡಿದಾಗ ಅವುಗಳ ಮೇಲಿನ ಒತ್ತಡ ಹೋಗಬೇಕು, ನಡುವೆ ಕೂದಲೆಳೆಯಷ್ಟು ಸಂದು ಬರಬೇಕು. ಆದರೆ ಒದ್ದೆಯಾದ ಎರಡು ತಟ್ಟೆಗಳು ಒಂದರೊಳಗೊಂದು ಅಂಟಿಕೊಳ್ಳುವ ಹಾಗೆ, ಆಯಿಲ್ ಹಿಂಡಿಹೋದ ಪ್ಲೇಟುಗಳೂ ಅಂಟುತ್ತವೆ. ಲಿವರ್ ಹಿಡಿದರೂ ಬಿಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಗೇರ್ ಬಾಕ್ಸ್ ಶಾಫ್ಟ್ ಚಕ್ರಕ್ಕೆ ಸೇರಿರುವುದಿಲ್ಲ, ತಿರುಗುತ್ತಿದ್ದರೆ ತಿರುಗಲಿ. ಗೇರ್ ಬಿದ್ದಾಗ ಆ ಶಾಫ್ಟ್ ನಿಂತ ಚಕ್ರಕ್ಕೆ ಸೇರುತ್ತದೆ. ಕ್ಲಚ್ ಬಿಡದಿದ್ದರೆ ಇಂಜಿನ್ ನಿಲ್ಲಲೇಬೇಕು.

ಬಿಚ್ಚುವ ಮೊದಲು ಹೊರಗಿನಿಂದ ನೋಡುವುದು ಮೂರು. ಲಿವರ್ ಸಡಿಲ, ಆಯಿಲ್, ಮತ್ತು ಅಂಟಿದೆಯಾ ಅನ್ನುವುದು.

ಲಿವರ್ ತುದಿಯಲ್ಲಿ ಸಡಿಲ 30 ಮಿಲಿಮೀಟರ್ ಹತ್ತಿರ ಇತ್ತು. ಬೇಕಾದ್ದು 10 ರಿಂದ 20. ಲಿವರ್ ಚಲಿಸುವ ದೂರದ ಒಂದು ಪಾಲು ಕೇಬಲ್ ಬಿಗಿಯಾಗುವುದಕ್ಕೇ ಹೋದರೆ, ಪ್ಲೇಟ್ ಬಿಡಿಸಲು ಉಳಿಯುವುದು ಸ್ವಲ್ಪವೇ. ಕೇಬಲಿನ ಎರಡೂ ತುದಿ ಬಿಚ್ಚಿ, ಎಳೆ ಕಿತ್ತಿದೆಯಾ ನೋಡಿದೆ. ಚೆನ್ನಾಗಿತ್ತು. ಆಯಿಲ್ ಹಾಕಿ, ಇಂಜಿನ್ ಕಡೆಯ ಅಡ್ಜಸ್ಟರ್‌ನಲ್ಲಿ 15 ಮಿಲಿಮೀಟರಿಗೆ ತಂದೆ. ಪೂರ್ತಿ ಬಿಗಿ ಮಾಡಬಾರದು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಹಿಡಿದ ಹಾಗಿದ್ದು ಜಾರುತ್ತದೆ, ಆಗ ನಿಜಕ್ಕೂ ಪ್ಲೇಟ್ ಸುಡುತ್ತದೆ.

ಆಯಿಲ್ ವಿಷಯಕ್ಕೆ ತಮ್ಮನನ್ನು ಕೇಳಿದೆ. 20ಡಬ್ಲ್ಯೂ-50 ಹಾಕಿದ್ದನಂತೆ. ಹಳೇ ಬೈಕಿಗೆ ದಪ್ಪ ಆಯಿಲ್ ಒಳ್ಳೇದು ಅಂತ ಯಾರೋ ಹೇಳಿದ್ದರು. ಮ್ಯಾನ್ಯುವಲ್ ಹೇಳುವುದು 10ಡಬ್ಲ್ಯೂ-40. ತಣ್ಣಗಿರುವಾಗ ಆ ದಪ್ಪ ಆಯಿಲ್ ಪ್ಲೇಟುಗಳ ನಡುವೆ ಇನ್ನೂ ಜಾಸ್ತಿ ಎಳೆದಾಡುತ್ತದೆ. ಬಿಸಿಯಾದ ಮೇಲೆ ತೆಳ್ಳಗಾಗಿ ತೊಂದರೆ ಕಡಿಮೆ ಆಗುತ್ತದೆ. ಬೆಳಿಗ್ಗೆ ಮೊದಲ ಗೇರಿಗೆ ಮಾತ್ರ ಜಗ್ಗುವ ಬೈಕುಗಳಲ್ಲಿ ಆಯಿಲ್ ಮೊದಲು ನೋಡಬೇಕು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು ಅನ್ನುವುದನ್ನೂ ಹೇಳಿದೆ. ಅದು ವೆಟ್ ಕ್ಲಚ್ ಇರುವ ಬೈಕುಗಳಿಗೆ ಅಂತಲೇ ಮಾಡಿದ ಗುರುತು. ಎಂಬಿ ಅಂತ ಇದ್ದರೆ ಆ ಆಯಿಲಿನ ಜಾರುವ ಗುಣ ಜಾಸ್ತಿ, ಒಣ ಕ್ಲಚ್ಚಿನ ಸ್ಕೂಟರುಗಳಿಗೆ ಅದು ಸರಿ.

ಇನ್ನು ಅಂಟಿದೆಯಾ ಅನ್ನುವುದು. ಇಂಜಿನ್ ಆಫ್ ಇಟ್ಟು, ಟಾಪ್ ಗೇರ್ ಹಾಕಿ, ಕ್ಲಚ್ ಹಿಡಿದು ಬೈಕನ್ನು ತಳ್ಳಿದೆ. ಗೋಡೆ ತಳ್ಳಿದ ಹಾಗಿತ್ತು. ಹಿಂದಕ್ಕೂ ಮುಂದಕ್ಕೂ ತೂಗಿದೆ. ಸ್ವಲ್ಪ ಹೊತ್ತಿಗೆ ಒಳಗೆ ಪಟ್ ಅಂತ ಸಣ್ಣ ಸದ್ದು ಕೇಳಿ ಬೈಕ್ ಉರುಳಿತು. ಅಂಟಿದ ಪ್ಲೇಟ್ ಬಿಟ್ಟಿತು. ಬಹಳಷ್ಟು ಬೈಕುಗಳಲ್ಲಿ ಕೆಲಸ ಇಷ್ಟಕ್ಕೇ ಮುಗಿಯುತ್ತದೆ. ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಒಂದು ಸುತ್ತು ಓಡಿಸಿದರೆ ಪ್ಲೇಟುಗಳು ತಾವೇ ಸ್ವಚ್ಛವಾಗುತ್ತವೆ.

ಇಲ್ಲಿ ಮುಗಿಯಲಿಲ್ಲ. ಜಗ್ಗು ಕಡಿಮೆ ಆಯಿತು, ಹೋಗಲಿಲ್ಲ. ಲಿವರ್ ಪೂರ್ತಿ ಹಿಡಿದರೂ ಸೆಂಟರ್ ಸ್ಟ್ಯಾಂಡ್ ಮೇಲೆ ಚಕ್ರ ಜೋರಾಗಿ ತಿರುಗುತ್ತಿತ್ತು. ಬ್ರೇಕ್ ಒತ್ತಿದರೆ ಇಂಜಿನ್ ಏದುಸಿರು ಬಿಡುತ್ತಿತ್ತು. ವೆಟ್ ಕ್ಲಚ್ಚಿನಲ್ಲಿ ಚಕ್ರ ಮೆಲ್ಲಗೆ ತಿರುಗುವುದು ಸಹಜ. ಬ್ರೇಕ್ ಸ್ವಲ್ಪ ಒತ್ತಿದಾಗ ಇಂಜಿನ್ ಸದ್ದು ಬದಲಾಗದೆ ಚಕ್ರ ನಿಲ್ಲಬೇಕು. ಇಂಜಿನ್ ಸದ್ದು ಇಳಿದರೆ ಒಳಗೆ ಇನ್ನೇನೋ ಇದೆ ಅಂತ ಅರ್ಥ.

ಕವರ್ ಬಿಚ್ಚಿದಾಗ

ಆಯಿಲ್ ಇಳಿಸಿ, ಬಲಗಡೆಯ ಕವರ್ ಬಿಚ್ಚಿದೆ. ಕವರ್ ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಬಂದ ಜಾಗದಲ್ಲೇ ಚುಚ್ಚಿ ಇಡುವುದು ನನ್ನ ಅಭ್ಯಾಸ. ಕ್ಲಚ್ ಸ್ಪ್ರಿಂಗ್ ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚಬಾರದು. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಲ್ಲದಿದ್ದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಅಲ್ಯೂಮಿನಿಯಂ ಕಂಬಗಳ ಮೇಲೆ ಭಾರ ಬೀಳುತ್ತದೆ.

ಪ್ಲೇಟುಗಳನ್ನು ಬಂದ ಕ್ರಮದಲ್ಲೇ, ಬಂದ ಮುಖದಲ್ಲೇ ಬಟ್ಟೆಯ ಮೇಲೆ ಜೋಡಿಸುತ್ತ ಹೋದೆ. ಫ್ರಿಕ್ಷನ್ 6, ಸ್ಟೀಲ್ 5. ಎರಡನೆಯ ಸ್ಟೀಲ್ ಪ್ಲೇಟ್ ತೆಗೆದಾಗ ವಿಷಯ ಕಂಡಿತು. ಅದರ ಮೈಮೇಲೆ ಫ್ರಿಕ್ಷನ್ ಪ್ಲೇಟಿನ ಒಂದೊಂದು ತುಂಡೂ ಅಚ್ಚೊತ್ತಿದ ಹಾಗೆ ಕಂದು ಬಣ್ಣದ ಚೌಕಗಳು. ತುಂಡುಗಳ ನಡುವೆ ಆಯಿಲ್ ಇದ್ದ ಕಡೆ ಲೋಹ ಬೆಳ್ಳಗಿತ್ತು. ತುಂಡು ಒತ್ತಿ ಕೂತ ಕಡೆ ತೇವ ಸಿಕ್ಕಿಕೊಂಡು ತುಕ್ಕು. ಬೈಕ್ ನಿಂತಿದ್ದಷ್ಟು ದಿನ ಕ್ಲಚ್ ಹೇಗೆ ಕೂತಿತ್ತೋ ಹಾಗೇ ಅದರ ಚಿತ್ರ ಅಲ್ಲಿತ್ತು. ಬೆರಳಾಡಿಸಿದರೆ ತುಕ್ಕಿನ ಅಂಚು ಸಣ್ಣಗೆ ತಾಗುತ್ತಿತ್ತು.

ಫ್ರಿಕ್ಷನ್ ಪ್ಲೇಟುಗಳ ದಪ್ಪ ಅಳೆದೆ. ಎಲ್ಲವೂ ಮ್ಯಾನ್ಯುವಲ್ ಮಿತಿಯೊಳಗೆ ಆರಾಮಾಗಿದ್ದವು. "ನೋಡು, ಎಲ್ಲರೂ ಹೋಗಿದೆ ಅಂದ ಪ್ಲೇಟ್ ಇವೇ" ಅಂತ ತಮ್ಮನಿಗೆ ಕ್ಯಾಲಿಪರ್ ಕೊಟ್ಟೆ. ಅವನೇ ಮತ್ತೊಮ್ಮೆ ಅಳೆದ.

ಸ್ಟೀಲ್ ಪ್ಲೇಟುಗಳನ್ನು ದಪ್ಪ ಗಾಜಿನ ಮೇಲೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದೆ. ಪ್ಲೇಟ್ ಡೊಂಕಾಗಿದ್ದರೆ ಗಾಜಿಗೂ ಅದಕ್ಕೂ ನಡುವೆ ಗೇಜ್ ಹೋಗುತ್ತದೆ. ಮಾಡೆಲ್ ನೋಡಿಕೊಂಡು 0.1 ರಿಂದ 0.3 ಮಿಲಿಮೀಟರ್ ತನಕ ಮಿತಿ ಇರುತ್ತದೆ, ಇದಕ್ಕೆ 0.2. ನಾಲ್ಕು ಪ್ಲೇಟು ಸಮವಾಗಿದ್ದವು. ಒಂದಕ್ಕೆ 0.3 ಗೇಜ್ ಸಲೀಸಾಗಿ ಹೋಯಿತು. ಡೊಂಕಾದ ಒಂದು ಪ್ಲೇಟ್ ಸಾಕು, ಲಿವರ್ ಹಿಡಿದಾಗ ಬರುವ ಸಣ್ಣ ಸಂದನ್ನೆಲ್ಲ ಅದೇ ತಿಂದುಬಿಡುತ್ತದೆ. ಅಕ್ಕಪಕ್ಕದ ಫ್ರಿಕ್ಷನ್ ಪ್ಲೇಟುಗಳಿಗೆ ಒರಗಿಕೊಂಡೇ ಇರುತ್ತದೆ.

ಬಾಸ್ಕೆಟಿನ ಬೆರಳುಗಳ ಮೇಲೂ ಕೈಯಾಡಿಸಿದೆ. ಫ್ರಿಕ್ಷನ್ ಪ್ಲೇಟಿನ ಕಿವಿಗಳು ಅಲ್ಲಿ ಬಡಿದು ಬಡಿದು ತಗ್ಗು ಮಾಡುತ್ತವೆ. ತಗ್ಗು ಆಳವಾದರೆ ಪ್ಲೇಟು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಜಾರಿ ಬೇರ್ಪಡುವುದಿಲ್ಲ. ಇಲ್ಲಿ ಉಗುರಿಗೆ ಸ್ವಲ್ಪ ತಾಗುವಷ್ಟು ಮಾತ್ರ ಇತ್ತು, ಹಾಗೇ ಬಿಟ್ಟೆ. ಬಾಸ್ಕೆಟ್ ಹೊರಗೆ ತೆಗೆಯದೆ ಅಲ್ಲೇ ಅರ ಹಾಕಿದರೆ ಪುಡಿ ಇಂಜಿನ್ ಒಳಗೆ ಹೋಗುತ್ತದೆ. ಅಷ್ಟು ಸಣ್ಣ ಗುರುತಿಗೆ ಆ ಅಪಾಯ ಬೇಡ ಅನ್ನಿಸಿತು.

ಐದೂ ಸ್ಟೀಲ್ ಪ್ಲೇಟ್ ಹೊಸದು ತರಿಸಿದೆ. ತುಕ್ಕು ಉಜ್ಜಿ ತೆಗೆಯಬಹುದಿತ್ತು, ಆದರೆ ಗುಂಡಿ ಬಿದ್ದ ಮೈ ಫ್ರಿಕ್ಷನ್ ಪ್ಲೇಟನ್ನು ಕೆರೆಯುತ್ತದೆ. ಫ್ರಿಕ್ಷನ್ ಪ್ಲೇಟುಗಳು ಹಳೆಯವೇ. ಅಂಟಿದ ತುಕ್ಕಿನ ಪುಡಿ ಒರೆಸಿ, ಹೊಸ ಆಯಿಲಿನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಒಣ ಪ್ಲೇಟ್ ಹಾಕಿದರೆ ಮೊದಲ ಕೆಲವು ನಿಮಿಷದಲ್ಲೇ ಸುಟ್ಟ ಗುರುತು ಬೀಳಬಹುದು. ಸ್ಟೀಲ್ ಪ್ಲೇಟಿನ ಒಂದು ಅಂಚು ಚೂಪು, ಇನ್ನೊಂದು ದುಂಡಗೆ ಇರುತ್ತದೆ. ಹಳೆಯವು ಕೂತಿದ್ದ ಹಾಗೆ ಎಲ್ಲವನ್ನೂ ಒಂದೇ ಮುಖಕ್ಕೆ ಹಾಕಿದೆ.

ಸ್ಪ್ರಿಂಗ್ ಬೋಲ್ಟುಗಳನ್ನು ಮತ್ತೆ ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ 12 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಇವು 6 ಮಿಲಿಮೀಟರ್ ಬೋಲ್ಟು, ಕೂರುವುದು ಅಲ್ಯೂಮಿನಿಯಂನಲ್ಲಿ. ಕೈ ಅಂದಾಜಿಗೆ ಬಿಟ್ಟರೆ ಥ್ರೆಡ್ ಕಿತ್ತುಬರುತ್ತದೆ. ಹೊಸ ಗ್ಯಾಸ್ಕೆಟ್, ಎರಡು ಡವೆಲ್ ಪಿನ್, ಕವರ್, ಹೊಸ 10ಡಬ್ಲ್ಯೂ-40 ಆಯಿಲ್. ಪ್ಲೇಟಿನ ದಪ್ಪ ಸ್ವಲ್ಪ ಬದಲಾಗಿರುವುದರಿಂದ ಕೇಬಲ್ ಸಡಿಲ ಮತ್ತೆ ಮೊದಲಿನಿಂದ ಹೊಂದಿಸಿದೆ.

ಮತ್ತೆ ಗೇರ್

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಿದೆ, ಯಾಕೆಂದರೆ ಬಿಸಿಯಾದ ಮೇಲೆ ಎಲ್ಲ ಕ್ಲಚ್ಚೂ ಒಳ್ಳೆಯದೇ. ಸ್ಟಾರ್ಟ್, ಕ್ಲಚ್, ಫಸ್ಟ್ ಗೇರ್. ಸಣ್ಣಗೆ ಟಿಕ್ ಅಂತ ಗೇರ್ ಬಿತ್ತು. ಬೈಕ್ ಅಲುಗಲಿಲ್ಲ, ಇಂಜಿನ್ ಸದ್ದೂ ಬದಲಾಗಲಿಲ್ಲ. 1,100ರ ಐಡಲ್‌ನಲ್ಲೇ ನಿಂತಿತು. ಕಡಿಮೆ ಐಡಲ್‌ನಲ್ಲೂ ತಾಳಿಕೊಂಡಿತು ಅಂದರೆ ಕ್ಲಚ್ ನಿಜವಾಗಿ ಬಿಡುತ್ತಿದೆ ಅಂತಲೇ. ಇಂಜಿನ್ ಬಿಸಿಯಾದ ಮೇಲೆ ಸ್ಕ್ರೂ ತಿರುಗಿಸಿ 1,400ಕ್ಕೆ ತಂದೆ. ತಮ್ಮ ಮೊದಲ ದಿನ ಕೇಳಿದ ಕೆಲಸ ಈಗ ಅವನ ಕೈಯಲ್ಲೇ ಮಾಡಿಸಿದೆ.

ನ್ಯೂಟ್ರಲ್‌ನಲ್ಲಿಟ್ಟು, ಸೈಡ್ ಸ್ಟ್ಯಾಂಡ್ ಇಳಿಸಿ, ಕ್ಲಚ್ ಹಿಡಿದು ಗೇರ್ ಹಾಕಿಯೂ ನೋಡಿದೆವು. ಟಕ್ ಅಂತ ಆಫ್ ಆಯಿತು. ಕಪ್ಲರ್ ರಿಪೇರಿ ಮಾಡಿದ ಮೇಲೆ ಈ ಪರೀಕ್ಷೆ ಬಿಡಬಾರದು. ಸ್ಟ್ಯಾಂಡ್ ಇಳಿದಿದ್ದರೂ ಓಡುತ್ತಲೇ ಇದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿ ಅರ್ಥ್ ಆಗಿದೆ ಅಂತ ಅರ್ಥ, ಮತ್ತೆ ಬಿಚ್ಚಿ ಹುಡುಕಬೇಕು.

ಹ್ಯಾಂಡಲ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸಡಿಲ ಬದಲಾಗುತ್ತದಾ ಅಂತ ನೋಡಿದೆ. ಬದಲಾಗಲಿಲ್ಲ, ಕೇಬಲ್ ಎಲ್ಲೂ ಸಿಕ್ಕಿಕೊಂಡಿಲ್ಲ. ಹೊಸ ಸ್ಟೀಲ್ ಪ್ಲೇಟುಗಳು ಕೂತ ಮೇಲೆ ಸಡಿಲ ಸ್ವಲ್ಪ ಕಡಿಮೆ ಆಗಬಹುದು. ಅದಕ್ಕೆ 200 ಕಿಲೋಮೀಟರ್ ಓಡಿಸಿದ ಮೇಲೆ ಲಿವರ್ ತುದಿಯಲ್ಲಿ ಮತ್ತೆ ಅಳೆದು 15ಕ್ಕೆ ತರಲು ತಮ್ಮನಿಗೆ ಹೇಳಿದ್ದೇನೆ. ಕವರಿನ ಕೆಳಗಂಚಿನಲ್ಲಿ ಆಯಿಲ್ ಒಸರುತ್ತಿದೆಯಾ ಅಂತಲೂ ಆಗಲೇ ನೋಡಬೇಕು.